ಎಷ್ಟು ವರ್ಷಕ್ಕೊಮ್ಮೆ ಬೆಂಕಿ? ಕೊಂಜಾ ಹುಲ್ಲುಗಾವಲಿನ ಪ್ರಕರಣ

ಹುಲ್ಲುಗಾವಲಿಗೆ ಬೆಂಕಿ ಹಾಕಬೇಕೋ ಬೇಡವೋ ಎಂಬ ಜಗಳ ನಮ್ಮಲ್ಲಿ ಇನ್ನೂ ಮುಗಿದಿಲ್ಲ. ಅಮೆರಿಕದ ಕ್ಯಾನ್ಸಸ್ ರಾಜ್ಯದ ಒಂದು ಗುಡ್ಡಸಾಲಿನಲ್ಲಿ ಅದು ಐವತ್ತು ವರ್ಷದ ಹಿಂದೆಯೇ ಮುಗಿಯಿತು. ಹಾಕಲೇಬೇಕು ಎಂದು ಗೊತ್ತಾದ ಮೇಲೆ ಅವರಿಗೆ ಮುಂದಿನ ಪ್ರಶ್ನೆ ಎದುರಾಯಿತು: ಎಷ್ಟು ವರ್ಷಕ್ಕೊಮ್ಮೆ? ಸಣ್ಣ ಪ್ರಶ್ನೆ ಅನ್ನಿಸುತ್ತದೆ, ಅಲ್ವಾ? ಅದಕ್ಕೆ ಉತ್ತರ ಹುಡುಕಲು ಅವರು ಜಾಗವನ್ನು ತಾಕು ತಾಕಾಗಿ ಹಂಚಿಕೊಂಡು, ಒಂದೊಂದಕ್ಕೆ ಒಂದೊಂದು ಅಂತರ ಗೊತ್ತು ಮಾಡಿ, ಇವತ್ತಿಗೂ ಸುಡುತ್ತಲೇ ಇದ್ದಾರೆ. ಸಿಕ್ಕ ಉತ್ತರ ಯಾರೂ ನಿರೀಕ್ಷಿಸಿದಷ್ಟು ಸುಲಭದ್ದಲ್ಲ.

ಜಾಗದ ಹೆಸರು ಕೊಂಜಾ ಪ್ರೇರಿ. ಮ್ಯಾನ್‌ಹಟನ್ ಊರಿನ ದಕ್ಷಿಣಕ್ಕಿದೆ. ನ್ಯೂಯಾರ್ಕಿನ ಮ್ಯಾನ್‌ಹಟನ್ ಅಲ್ಲ, ಕ್ಯಾನ್ಸಸ್‌ನಲ್ಲಿ ಅದೇ ಹೆಸರಿನ ಒಂದು ಪುಟ್ಟ ಕಾಲೇಜು ಊರು. ವಿಸ್ತೀರ್ಣ 3,487 ಹೆಕ್ಟೇರ್. ಆಳೆತ್ತರ ಹುಲ್ಲು ಬೆಳೆಯುವ ಇಂಥ ಪ್ರೇರಿ ಒಂದು ಕಾಲದಲ್ಲಿ ಅಮೆರಿಕದ ನಡುಭಾಗದ ತುಂಬ ಹರಡಿಕೊಂಡಿತ್ತು. ಮಣ್ಣು ಫಲವತ್ತಾಗಿದ್ದದ್ದೇ ಅದಕ್ಕೆ ಮುಳುವಾಯಿತು. ನೇಗಿಲು ಬಂತು, ಮೆಕ್ಕೆಜೋಳ ಸೋಯಾ ಬಂದವು, ಈಗ ಹಳೆಯದರ ಶೇ. 4ರಷ್ಟೂ ಉಳಿದಿಲ್ಲ. ಉಳಿದದ್ದರಲ್ಲಿ ಹೆಚ್ಚಿನ ಪಾಲು ಇರುವುದು ಫ್ಲಿಂಟ್ ಹಿಲ್ಸ್ ಎಂಬ ಈ ಗುಡ್ಡಗಳಲ್ಲಿ. ಕಾರಣ ಇಷ್ಟೇ: ಇಲ್ಲಿ ಸುಣ್ಣಕಲ್ಲಿನ ಪದರದ ನಡುವೆ ಚಕಮಕಿ ಕಲ್ಲು ತುಂಬಿಕೊಂಡಿದೆ. ನೇಗಿಲು ಇಳಿಯುವುದಿಲ್ಲ. ಹಾಗಾಗಿ ಉಳುವವರು ಬಿಟ್ಟು ಹೋದರು, ದನ ಸಾಕುವವರು ಉಳಿದರು.

ಇಲ್ಲಿ ವರ್ಷಕ್ಕೆ ಸುಮಾರು 835 ಮಿಲಿಮೀಟರ್ ಮಳೆಯಾಗುತ್ತದೆ. ಬೆಂಗಳೂರಿಗಿಂತ ಸ್ವಲ್ಪ ಕಡಿಮೆ. ಇಷ್ಟು ಮಳೆಗೆ ಮರ ಧಾರಾಳವಾಗಿ ಬೆಳೆಯಬಹುದು. ಅಂದರೆ ಇದು ಮಳೆ ಸಾಲದೆ ಹುಲ್ಲಾಗಿ ಉಳಿದ ಜಾಗವಲ್ಲ. ಬೆಂಕಿ ಮತ್ತು ಮೇಯುವ ಪ್ರಾಣಿ, ಇವೆರಡು ಸೇರಿ ಮರವನ್ನು ದೂರ ಇಟ್ಟಿದ್ದವು. ಬೆಂಕಿಯಲ್ಲಿ ಸಿಡಿಲಿನದು ಒಂದು ಪಾಲು. ಉಳಿದದ್ದು ಕನ್ಸಾ, ಓಸೇಜ್, ಪಾನೀ ಮುಂತಾದ ಮೂಲನಿವಾಸಿಗಳು ಬೇಕೆಂದೇ ಹಾಕುತ್ತಿದ್ದದ್ದು. ಸುಟ್ಟ ಜಾಗದಲ್ಲಿ ಎಳೆ ಹುಲ್ಲು ಚಿಗುರಿದರೆ ಬೈಸನ್ ಎಂಬ ಅಮೆರಿಕದ ಕಾಡುದನದ ಹಿಂಡು ತಾನಾಗಿ ಅಲ್ಲಿಗೆ ಬರುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆಮೇಲೆ ಬಂದ ಬಿಳಿಯ ದನಗಾಹಿಗಳೂ ಈ ಗುಡ್ಡಗಳಲ್ಲಿ ಆ ರೂಢಿ ಬಿಡಲಿಲ್ಲ. ಇವತ್ತಿಗೂ ಏಪ್ರಿಲ್ ಬಂತೆಂದರೆ ಫ್ಲಿಂಟ್ ಹಿಲ್ಸ್ ಉದ್ದಕ್ಕೂ ಬೆಂಕಿ.

ಹಲ್ಬರ್ಟ್ ಅವರ ತಾಕುಗಳು

ಕ್ಯಾನ್ಸಸ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಲಾಯ್ಡ್ ಹಲ್ಬರ್ಟ್ ಎಂಬ ಪರಿಸರ ವಿಜ್ಞಾನಿ ಇದ್ದರು. ಬೆಂಕಿಯ ಬಗ್ಗೆ ಎಲ್ಲರಿಗೂ ಒಂದೊಂದು ಅಭಿಪ್ರಾಯ ಇತ್ತು, ಆದರೆ ಅಳೆದು ನೋಡಿದವರು ಕಡಿಮೆ. ದೊಡ್ಡ ಜಾಗದಲ್ಲಿ, ಹತ್ತಾರು ವರ್ಷ ಅಳೆದು ನೋಡಬೇಕು ಎಂಬುದು ಅವರ ಹಟ. 1971ರಲ್ಲಿ ಮೊದಲ ತುಂಡು ಜಾಗ ಸಿಕ್ಕಿತು. 1977ರಲ್ಲಿ ಕ್ಯಾಥರಿನ್ ಆರ್ಡ್‌ವೇ ಎಂಬ ದಾನಿಯ ಹಣದಿಂದ ಪಕ್ಕದ ದೊಡ್ಡ ದನದ ಜಮೀನನ್ನು ನೇಚರ್ ಕನ್ಸರ್ವೆನ್ಸಿ ಸಂಸ್ಥೆ ಕೊಂಡಿತು. ಆಮೇಲೆ 1980ರ ಹೊತ್ತಿಗೆ ಸರ್ಕಾರದ ದೀರ್ಘಾವಧಿ ಪರಿಸರ ಸಂಶೋಧನೆಯ ಮೊದಲ ಆರು ಕೇಂದ್ರಗಳಲ್ಲಿ ಕೊಂಜಾ ಕೂಡ ಒಂದಾಯಿತು.

ಹಲ್ಬರ್ಟ್ ಮಾಡಿದ ಜಾಣತನದ ಕೆಲಸ ಎಂದರೆ ಜಾಗ ಹಂಚಿದ ರೀತಿ. ಚೌಕ ಚೌಕ ಗೆರೆ ಎಳೆಯಲಿಲ್ಲ. ಒಂದೊಂದು ಹಳ್ಳಕ್ಕೆ ನೀರು ಇಳಿದು ಬರುವಷ್ಟು ಜಾಗವನ್ನು ಒಂದೊಂದು ತಾಕು ಮಾಡಿದರು. ಹೀಗೆ ಮಾಡಿದ್ದರಿಂದ ಮೇಲಿನ ಹುಲ್ಲಿನ ಜೊತೆಗೆ ಕೆಳಗೆ ಹರಿಯುವ ನೀರನ್ನೂ ಅಳೆಯಬಹುದಾಯಿತು. ಇದು ಮುಂದೆ ಎಷ್ಟು ಉಪಯೋಗಕ್ಕೆ ಬಂತು ಎಂಬುದನ್ನು ಕೊನೆಗೆ ಹೇಳುತ್ತೇನೆ. ಕೆಲವು ತಾಕಿಗೆ ಪ್ರತಿ ವರ್ಷ ಬೆಂಕಿ, ಕೆಲವಕ್ಕೆ ಎರಡು ವರ್ಷಕ್ಕೊಮ್ಮೆ, ಕೆಲವಕ್ಕೆ ನಾಲ್ಕು ವರ್ಷಕ್ಕೊಮ್ಮೆ, ಇನ್ನು ಕೆಲವಕ್ಕೆ ಇಪ್ಪತ್ತು ವರ್ಷಕ್ಕೊಮ್ಮೆ. ಇಪ್ಪತ್ತು ವರ್ಷ ಅಂದರೆ ಹೆಚ್ಚು ಕಡಿಮೆ ಬೆಂಕಿಯೇ ಇಲ್ಲ ಎಂದ ಹಾಗೆ. ಹಲ್ಬರ್ಟ್ 1986ರಲ್ಲಿ ತೀರಿಕೊಂಡರು. ತಾವು ಹಾಕಿಕೊಟ್ಟ ಲೆಕ್ಕದ ನಿಜವಾದ ಫಲ ಅವರು ನೋಡಲಿಲ್ಲ.

ಸುಡುವ ದಿನ

ಫಲದ ಮಾತಿಗೆ ಮುಂಚೆ, ಸುಡುವುದು ಹೇಗೆ ಎಂದು ನೋಡೋಣ. ಬೆಂಕಿ ಹಾಕುವುದು ಎಂದರೆ ಕಡ್ಡಿ ಗೀರಿ ಎಸೆದು ಬರುವುದು ಎಂದುಕೊಂಡವರೇ ಜಾಸ್ತಿ.

ಮೊದಲು ಕಾಗದದ ಮೇಲೆ ಷರತ್ತು ಬರೆಯುತ್ತಾರೆ. ಅಲ್ಲಿನ ಕೃಷಿ ವಿಸ್ತರಣಾ ವಿಭಾಗದ ಶಿಫಾರಸು ಹೀಗಿದೆ: ಗಾಳಿ ಗಂಟೆಗೆ ಸುಮಾರು 8ರಿಂದ 24 ಕಿಲೋಮೀಟರ್, ದಿಕ್ಕು ಬದಲಾಗಬಾರದು. ಗಾಳಿಯಲ್ಲಿ ತೇವ ಶೇ. 40ರಿಂದ 70. ಉಷ್ಣಾಂಶ 13ರಿಂದ 27 ಡಿಗ್ರಿ ಸೆಲ್ಸಿಯಸ್. ಗಾಳಿ ಜಾಸ್ತಿ ಇದ್ದರೆ ಬೇಡ ಎಂಬುದು ಯಾರಿಗಾದರೂ ಹೊಳೆಯುತ್ತದೆ. ಗಾಳಿಯೇ ಇಲ್ಲದಿದ್ದರೂ ಬೇಡ, ಇದು ಹೊಳೆಯುವುದು ಕಷ್ಟ. ನಿಂತ ಗಾಳಿ ಯಾವ ಗಳಿಗೆಯಲ್ಲಿ ಯಾವ ಕಡೆ ತಿರುಗುತ್ತದೋ ಹೇಳಲಾಗದು. ಜೊತೆಗೆ ಹೊಗೆ ಮೇಲೇರದೆ ಅಲ್ಲೇ ಕೂತುಬಿಡುತ್ತದೆ.

ತಾಕಿನ ಸುತ್ತ ಹುಲ್ಲು ಕತ್ತರಿಸಿ ಬೆಂಕಿ ರೇಖೆ ಮಾಡಿರುತ್ತಾರೆ. ನೀರಿನ ಟ್ಯಾಂಕು, ಪಂಪು ಹೊತ್ತ ಪಿಕಪ್ ಗಾಡಿಗಳು ಬರುತ್ತವೆ. ಜನರ ಕೈಯಲ್ಲಿ ಉದ್ದನೆ ಹಿಡಿಯ ತುದಿಗೆ ದಪ್ಪ ರಬ್ಬರ್ ಹಾಳೆ ಕಟ್ಟಿದ ಬಡಿಗೆ. ಆಚೆ ಹಾರಿದ ಬೆಂಕಿಯನ್ನು ಅದರಿಂದ ಒತ್ತಿ ಆರಿಸುವುದು. ಮೈಮೇಲೆ ನೈಲಾನ್, ಪಾಲಿಯೆಸ್ಟರ್ ಬಟ್ಟೆ ಇರಬಾರದು. ಕಾವಿಗೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಬೆಂಕಿ ಇಡಲು ಒಂದು ಡಬ್ಬ: ಒಳಗೆ ಡೀಸೆಲ್ ಮತ್ತು ಪೆಟ್ರೋಲ್ ಬೆರೆಸಿದ್ದು, ಮೂತಿಯಲ್ಲಿ ಉರಿಯುವ ಬತ್ತಿ. ಬಗ್ಗಿಸಿಕೊಂಡು ನಡೆದರೆ ಉರಿಯುವ ಹನಿಗಳು ತೊಟ್ಟಿಕ್ಕುತ್ತ ಹೋಗುತ್ತವೆ.

ಮೊದಲಿಗೆ ಒಂದು ಮೂಲೆಯಲ್ಲಿ ಚೂರು ಸುಟ್ಟು ನೋಡುತ್ತಾರೆ. ಹೊಗೆ ಹೇಗೆ ಏಳುತ್ತದೆ, ಎತ್ತ ವಾಲುತ್ತದೆ ಎಂದು ನೋಡಿ, ಮುಖ್ಯಸ್ಥ ಒಪ್ಪಿದರೆ ಮುಂದೆ. ಇಲ್ಲದಿದ್ದರೆ ಅಲ್ಲಿಗೇ ಆರಿಸಿ ಮನೆಗೆ. ಮುಂದುವರಿದರೆ, ಗಾಳಿ ಎತ್ತ ಹೋಗುತ್ತದೋ ಆ ಕಡೆಯ ಅಂಚಿನಿಂದ ಶುರು. ಅಲ್ಲಿ ಇಟ್ಟ ಬೆಂಕಿ ಎದುರು ಗಾಳಿಗೆ ಮುಖ ಮಾಡಿ ತಾಕಿನ ಒಳಕ್ಕೆ ಸರಿಯಬೇಕು. ಅದು ತೆವಳುತ್ತದೆ. ಜ್ವಾಲೆ ಮೊಣಕಾಲಿನೆತ್ತರ. ಬಿಸಿಲಲ್ಲಿ ನಿಂತು ಕಾಯುವವರಿಗೆ ಬೇಸರ ಬರುವಷ್ಟು ನಿಧಾನ. ಅದರ ಹಿಂದೆ ಕಪ್ಪು ಪಟ್ಟಿಯೊಂದು ಅಗಲವಾಗುತ್ತ ಹೋಗುತ್ತದೆ. ಆ ಪಟ್ಟಿ ಸಾಕಷ್ಟು ಅಗಲವಾದ ಮೇಲೆ ಎರಡು ಪಕ್ಕಗಳಲ್ಲಿ ಬೆಂಕಿ ಇಡುತ್ತಾರೆ. ಕೊನೆಗೆ ಗಾಳಿ ಬರುವ ಕಡೆಯಿಂದ. ಇದು ಗಾಳಿಯನ್ನು ಬೆನ್ನಿಗಿಟ್ಟುಕೊಂಡ ಬೆಂಕಿ. ಜ್ವಾಲೆ ಆಳೆತ್ತರ ಮೀರುತ್ತದೆ, ಮಳೆ ಸುರಿದಂಥ ಸದ್ದು ಬರುತ್ತದೆ, ಅರ್ಧ ದಿನ ಹಿಡಿದ ತಯಾರಿ ನಿಮಿಷಗಳಲ್ಲಿ ಮುಗಿಯುತ್ತದೆ. ಕಪ್ಪು ಪಟ್ಟಿ ತಲುಪಿದ ಮೇಲೆ ಸುಡಲು ಏನೂ ಇರುವುದಿಲ್ಲ, ತಾನಾಗಿ ಆರುತ್ತದೆ. ಆಮೇಲಿನ ಕೆಲಸ ಒಣ ಸಗಣಿ, ಬಿದ್ದ ಮರದ ಬೊಡ್ಡೆ ಹುಡುಕಿ ಆರಿಸುವುದು. ಇವು ಒಳಗೊಳಗೇ ಹೊಗೆಯಾಡುತ್ತ ರಾತ್ರಿ ಗಾಳಿಗೆ ಮತ್ತೆ ಹೊತ್ತಿಕೊಳ್ಳುವ ಕಳ್ಳರು.

ಇಷ್ಟು ದೊಡ್ಡ ಜ್ವಾಲೆ ಹಾದು ಹೋದರೂ ಮಣ್ಣಿನ ಒಳಗೆ ಕಾವು ಇಳಿಯುವುದೇ ಇಲ್ಲ ಎನ್ನಬಹುದು. ಒಂದೆರಡು ಇಂಚು ಕೆಳಗೆ ಹುಲ್ಲಿನ ಗೆಡ್ಡೆಬೇರಿನ ಮೊಗ್ಗುಗಳು ತಣ್ಣಗಿರುತ್ತವೆ. ಬಿಗ್ ಬ್ಲೂಸ್ಟೆಮ್ ಎಂಬ ಹುಲ್ಲು ಇಲ್ಲಿನ ಯಜಮಾನ. ನಮ್ಮ ಜೋಳ, ಕಬ್ಬು ಸೇರಿದ ಕುಲವೇ ಅದರದ್ದೂ. ಈ ಪ್ರೇರಿಯಲ್ಲಿ ಪ್ರತಿ ವರ್ಷ ಏಳುವ ಹುಲ್ಲಿನ ಸುಳಿಗಳು ಬೀಜದಿಂದ ಬರುವುದು ತೀರಾ ಅಪರೂಪ. ಹೆಚ್ಚು ಕಡಿಮೆ ಎಲ್ಲವೂ ಈ ನೆಲದಡಿಯ ಮೊಗ್ಗುಗಳಿಂದ. ಸುಡದೆ ಬಿಟ್ಟ ಕಡೆ ಹಳೆ ಒಣಹುಲ್ಲು ಹಾಸಿಗೆಯ ಹಾಗೆ ಕೂತಿರುತ್ತದೆ. ಬೆಳಕು ತಡೆಯುತ್ತದೆ, ನೆಲ ಬೆಚ್ಚಗಾಗಲು ಬಿಡುವುದಿಲ್ಲ, ಸಣ್ಣ ಮಳೆಯನ್ನು ತಾನೇ ಕುಡಿದುಬಿಡುತ್ತದೆ. ಸುಟ್ಟ ಕಡೆ ಕಪ್ಪು ನೆಲ ಬೇಗ ಕಾಯುತ್ತದೆ, ಸುಳಿಗೆ ಪೂರ್ತಿ ಬಿಸಿಲು. ಬೂದಿ ಗೊಬ್ಬರವಾಗಿ ಹುಲ್ಲು ಚೆನ್ನಾಗಿ ಬರುತ್ತದೆ ಎಂದು ಎಲ್ಲ ಕಡೆ ಹೇಳುತ್ತಾರೆ. ಕೊಂಜಾದಲ್ಲಿ ಕಂಡದ್ದು ಬೇರೆ. ಹುಲ್ಲಿನಲ್ಲಿದ್ದ ಸಾರಜನಕ ಬೆಂಕಿಯಲ್ಲಿ ಹಾರಿಹೋಗುತ್ತದೆ. ಗೆಲುವಿಗೆ ಮುಖ್ಯ ಕಾರಣ ಬೆಳಕು.

ಏನಾಯಿತು

ಪ್ರತಿ ವರ್ಷ ಸುಟ್ಟ ತಾಕುಗಳಲ್ಲಿ ಹುಲ್ಲು ಗೆದ್ದಿತು. ಎಷ್ಟರ ಮಟ್ಟಿಗೆ ಅಂದರೆ ಬೇರೆ ಯಾರಿಗೂ ಜಾಗ ಉಳಿಯಲಿಲ್ಲ. ಕೊಂಜಾದಲ್ಲಿ 600ರ ಆಸುಪಾಸು ಜಾತಿಯ ಸಸ್ಯಗಳಿವೆ, ಹುಲ್ಲು ಅದರಲ್ಲಿ ಒಂದು ಭಾಗ ಮಾತ್ರ. ಉಳಿದದ್ದರಲ್ಲಿ ಹೆಚ್ಚಿನವು ಹೂಬಿಡುವ ಸಣ್ಣ ಗಿಡಗಳು. ಮೇಯುವ ಪ್ರಾಣಿ ಇಲ್ಲದೆ ವರ್ಷ ವರ್ಷ ಸುಟ್ಟರೆ ಇವು ಕಡಿಮೆಯಾಗುತ್ತ ಹೋಗುತ್ತವೆ. ನೋಡಲು ಚೆಂದದ ಹುಲ್ಲುಗಾವಲು, ಲೆಕ್ಕ ಹಾಕಿದರೆ ಬಡವ.

ಇಪ್ಪತ್ತು ವರ್ಷದ ತಾಕುಗಳ ಕಥೆ ಎಲ್ಲರೂ ಊಹಿಸಿದ ಹಾಗೆಯೇ ಆಯಿತು. ಮೊದಲು ಪೊದೆ, ಆಮೇಲೆ ಮರ. ರೆಡ್ ಸೀಡರ್ ಎಂಬ ಸೂಜಿ ಎಲೆಯ ಮರ ಬಂದು ಸೇರಿದರೆ 40 ವರ್ಷಕ್ಕೆಲ್ಲ ಹುಲ್ಲುಗಾವಲು ದಟ್ಟ ಕಾಡಾಗಬಹುದು. ಆದರೆ ಸೀಡರ್‌ನ ಒಂದು ದೌರ್ಬಲ್ಯ ಏನೆಂದರೆ ಅದು ಬುಡದಿಂದ ಮತ್ತೆ ಚಿಗುರುವುದಿಲ್ಲ. ಚಿಕ್ಕದಿದ್ದಾಗ ಒಂದು ಬೆಂಕಿ ತಗುಲಿದರೆ ಸತ್ತೇ ಹೋಯಿತು.

ಆಶ್ಚರ್ಯ ಇದ್ದದ್ದು ನಡುವಿನ ತಾಕುಗಳಲ್ಲಿ. ನಾಲ್ಕು ವರ್ಷಕ್ಕೊಮ್ಮೆ ಬೆಂಕಿ ಎಂದರೆ ಹದವಾದ ಅಂತರ ಅನ್ನಿಸುತ್ತದೆ. ಪ್ರತಿ ವರ್ಷದ ಅತಿಯೂ ಇಲ್ಲ, ಇಪ್ಪತ್ತು ವರ್ಷದ ನಿರ್ಲಕ್ಷ್ಯವೂ ಇಲ್ಲ. ಮೊದಲ ಹತ್ತು ಹದಿನೈದು ವರ್ಷ ಅದು ಹಾಗೆಯೇ ಕಂಡಿತು ಕೂಡ. ಆಮೇಲೆ ಡಾಗ್‌ವುಡ್ ಎಂಬ ಪೊದೆ ಎದ್ದಿತು. ಅದರ ವಿದ್ಯೆ ಬಹಳ ನಾಜೂಕಿನದು. ಬೇರಿನಿಂದ ಹೊಸ ಕಾಂಡ ಎಬ್ಬಿಸುತ್ತ ಒಂದೇ ಗಿಡ ವೃತ್ತಾಕಾರದ ದ್ವೀಪವಾಗಿ ಹರಡುತ್ತದೆ. ಬೆಂಕಿ ಬಂದು ಮೇಲಿನ ಕಾಂಡ ಸುಟ್ಟರೆ ಬುಡದಿಂದ ಮತ್ತೆ ಏಳುತ್ತದೆ. ಮುಂದಿನ ಬೆಂಕಿ ಬರುವುದರೊಳಗೆ ಮೂರು ವರ್ಷ ಬಿಡುವು ಸಿಕ್ಕರೆ ಸಾಕು, ನಡುಭಾಗದ ಎಲೆಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಕೆಳಗೆ ನೆರಳು. ನೆರಳಲ್ಲಿ ಹುಲ್ಲಿಲ್ಲ. ಹುಲ್ಲಿಲ್ಲದ ಕಡೆ ಸುಡಲು ಏನಿದೆ? ಬೆಂಕಿ ಪೊದೆಯ ಅಂಚಿನವರೆಗೆ ಧಾವಿಸಿ ಬಂದು, ಹೊರಗಿನ ನಾಲ್ಕು ಕಾಂಡ ಸುಟ್ಟು, ಅಲ್ಲೇ ನಿಂತುಹೋಗುತ್ತದೆ. ಒಳಗಿನ ಕಾಂಡಗಳಿಗೆ ಬಿಸಿ ಕೂಡ ತಟ್ಟುವುದಿಲ್ಲ. ಅದರ ಬೇರು ಹುಲ್ಲಿನ ಬೇರಿಗೆ ಎಟುಕದ ಆಳದ ನೀರು ಕುಡಿಯುತ್ತದೆ, ಹಾಗಾಗಿ ಬರಗಾಲವೂ ಹುಲ್ಲಿನ ಪರ ನಿಲ್ಲುವುದಿಲ್ಲ.

ಕೊಂಜಾದ ಸಂಶೋಧಕರು ಇದನ್ನೆಲ್ಲ ಕೂಡಿಸಿ ನೋಡಿದಾಗ ಸಿಕ್ಕ ಗಡಿ ಸುಮಾರು ಮೂರು ವರ್ಷ. ಬೆಂಕಿಯ ಅಂತರ ಅದಕ್ಕಿಂತ ಕಡಿಮೆ ಇದ್ದರೆ ಹುಲ್ಲು ಉಳಿಯುತ್ತದೆ. ಅದನ್ನು ಮುಟ್ಟಿ ದಾಟಿದರೆ ಕೆಲವು ದಶಕಗಳಲ್ಲಿ ಪೊದೆಗಾಡು. ನಾಲ್ಕಕ್ಕೂ ಎರಡಕ್ಕೂ ಇರುವ ವ್ಯತ್ಯಾಸ ಕಾಗದದ ಮೇಲೆ ಎರಡೇ ವರ್ಷ. ನೆಲದ ಮೇಲೆ ಅದು ಎರಡು ಬೇರೆ ಬೇರೆ ಲೋಕ. ಇನ್ನೊಂದು ಮಾತು: ಇದು ಹದಿನೈದು ವರ್ಷದ ಅಧ್ಯಯನವಾಗಿದ್ದರೆ ನಾಲ್ಕು ವರ್ಷಕ್ಕೊಮ್ಮೆ ಸುಡುವುದೇ ಸರಿ ಎಂದು ವರದಿ ಬರೆದು ಮುಗಿಸುತ್ತಿದ್ದರೇನೋ. ಮೂರು ವರ್ಷದ ಯೋಜನೆಯ ಹಣದಲ್ಲಿ ನಾವು ಬರೆಯುವ ವರದಿಗಳನ್ನು ಓದುವಾಗ ನನಗೆ ಇದು ನೆನಪಾಗುತ್ತಿರುತ್ತದೆ.

ಅದಲು ಬದಲು

2001ರಲ್ಲಿ ಅವರು ಒಂದು ಧೈರ್ಯದ ಕೆಲಸ ಮಾಡಿದರು. ಪ್ರತಿ ವರ್ಷ ಸುಡುತ್ತಿದ್ದ ಎರಡು ತಾಕುಗಳಲ್ಲಿ ಬೆಂಕಿ ನಿಲ್ಲಿಸಿದರು. ಸುಡದೆ ಬಿಟ್ಟಿದ್ದ ಎರಡು ತಾಕುಗಳಲ್ಲಿ ಪ್ರತಿ ವರ್ಷ ಸುಡಲು ಶುರು ಮಾಡಿದರು. ತಪ್ಪಿದ ಅಂತರವನ್ನು ಬೆಂಕಿಯಿಂದಲೇ ಸರಿಪಡಿಸಬಹುದೇ ಎಂಬುದು ಪ್ರಶ್ನೆ.

ಇಪ್ಪತ್ತು ವರ್ಷದ ಮೇಲೆ ಲೆಕ್ಕ ಬಂತು. ಹೊಸದಾಗಿ ಸುಡಲು ತೊಡಗಿದ ತಾಕುಗಳಲ್ಲಿ ಹುಲ್ಲು ಬೇಗ ಚೇತರಿಸಿಕೊಂಡಿತು. ಇದು ಸಮಾಧಾನದ ಸುದ್ದಿ. ಆದರೆ ಪೊದೆಗಳು ಹೋಗಲಿಲ್ಲ. ಪ್ರತಿ ವರ್ಷ ಬೆಂಕಿ ಬಿದ್ದರೂ ತಮ್ಮ ದ್ವೀಪಗಳಲ್ಲಿ ಕೂತೇ ಇದ್ದವು. ಅವು ಹರಡುವುದು ನಿಧಾನವಾಯಿತು, ಅಷ್ಟೇ. ಹಿಂದಕ್ಕೆ ಸರಿಯಲಿಲ್ಲ. ನನ್ನ ಮಟ್ಟಿಗೆ ಇಡೀ ಪ್ರಕರಣದ ತಿರುಳು ಇದೇ. ಪೊದೆ ಬರುವ ಮುಂಚೆ ಬೆಂಕಿಗೆ ಇರುವ ಶಕ್ತಿ, ಬಂದ ಮೇಲೆ ಇರುವುದಿಲ್ಲ. ಆಗ ಗರಗಸ ಬೇಕು, ಕಳೆನಾಶಕ ಬೇಕು, ಕೂಲಿ ಬೇಕು.

ಬೈಸನ್ ಇದಕ್ಕೆ ಇನ್ನೊಂದು ಮಗ್ಗುಲು ಸೇರಿಸಿತು. 1987ರಲ್ಲಿ ಸುಮಾರು ಸಾವಿರ ಹೆಕ್ಟೇರ್ ಜಾಗಕ್ಕೆ ಅವನ್ನು ಮರಳಿ ತಂದರು. ಅವು ಯಜಮಾನ ಹುಲ್ಲನ್ನೇ ಆರಿಸಿ ಮೇಯುತ್ತವೆ, ಹೂಗಿಡ ಬಿಡುತ್ತವೆ, ಮಣ್ಣಲ್ಲಿ ಹೊರಳಾಡಿ ಗುಂಡಿ ಮಾಡುತ್ತವೆ. 2022ರಲ್ಲಿ ಪ್ರಕಟವಾದ 29 ವರ್ಷದ ಲೆಕ್ಕದ ಪ್ರಕಾರ, ಬೈಸನ್ ಇದ್ದ ಕಡೆ ಸ್ಥಳೀಯ ಸಸ್ಯ ಜಾತಿಗಳು ಮೇಯುವ ಪ್ರಾಣಿ ಇಲ್ಲದ ಕಡೆಗಿಂತ ಸುಮಾರು ಎರಡು ಪಟ್ಟು. ದನ ಮೇಯುವ ಕಡೆಯೂ ಹೆಚ್ಚಿದ್ದವು, ಆದರೆ ಅಷ್ಟಲ್ಲ. ಬೆಂಕಿ ಕೊಟ್ಟ ಬಡತನವನ್ನು ಹಲ್ಲು ಸರಿಪಡಿಸಿತು ಅನ್ನಿ. ಇದರ ಮಗ್ಗುಲಲ್ಲೇ ಒಂದು ತೊಡಕೂ ಇದೆ. ಮೇದ ಕಡೆ ಒಣಹುಲ್ಲು ಕಡಿಮೆ, ಬೆಂಕಿಯ ಕಾವೂ ಕಡಿಮೆ, ಪೊದೆಗೆ ಅಷ್ಟರ ಮಟ್ಟಿಗೆ ಅನುಕೂಲ.

ಹಕ್ಕಿಗಳ ವಿಷಯಕ್ಕೆ ಬಂದರೆ ಯಾವ ಒಂದು ಅಂತರವೂ ಎಲ್ಲರಿಗೂ ಹಿಡಿಸುವುದಿಲ್ಲ. ಹೆನ್ಸ್‌ಲೋ ಗುಬ್ಬಿಗೆ ಒಣಹುಲ್ಲಿನ ದಪ್ಪ ಹಾಸು ಇಲ್ಲದೆ ಆಗುವುದಿಲ್ಲ, ಆ ವರ್ಷ ಸುಟ್ಟ ಜಾಗಕ್ಕೆ ಅದು ಬರುವುದೇ ಇಲ್ಲ. ಪ್ರೇರಿ ಕೋಳಿ ಕುಣಿಯುವುದು ಬೋಳು ಜಾಗದಲ್ಲಿ, ಗೂಡು ಕಟ್ಟುವುದು ಹಳೆ ಹುಲ್ಲಿನ ಮರೆಯಲ್ಲಿ. ಅದಕ್ಕೇ ಈಗ ಜಾಗವನ್ನು ಮೂರು ಭಾಗ ಮಾಡಿ ವರ್ಷಕ್ಕೊಂದು ಭಾಗ ಸುಡುವ ಕ್ರಮವನ್ನು ದನದ ಜಮೀನುಗಳಲ್ಲಿ ಪ್ರಯೋಗಿಸುತ್ತಿದ್ದಾರೆ. ದನ ಹೊಸ ಚಿಗುರಿನ ಹಿಂದೆ ತಾನೇ ಹೋಗುತ್ತದೆ, ನಡುವೆ ಬೇಲಿ ಹಾಕುವ ಕೆಲಸವಿಲ್ಲ. ಹಕ್ಕಿಗೆ ಒಳ್ಳೆಯದು. ಪೊದೆಯ ಗಡಿಗೆ ತೀರಾ ಹತ್ತಿರ ಎಂಬುದು ನಿಮಗೂ ಹೊಳೆದಿರಬಹುದು.

ಹೊಗೆಯ ಬಾಬತ್ತು

ಏಪ್ರಿಲ್‌ನಲ್ಲಿ ಕೆಲವೇ ದಿನ ಹವೆ ಹದವಾಗಿರುತ್ತದೆ. ಆ ದಿನ ಎಲ್ಲ ರೈತರೂ ಒಟ್ಟಿಗೆ ಸುಡುತ್ತಾರೆ. ಹೊಗೆ ಕ್ಯಾನ್ಸಸ್ ಸಿಟಿ, ಒಮಾಹಾ, ಲಿಂಕನ್ ನಗರಗಳವರೆಗೆ ಹೋಗುತ್ತದೆ. ಅಲ್ಲಿ ಉಬ್ಬಸ ಇರುವ ಮಗುವಿಗೆ ಹುಲ್ಲುಗಾವಲಿನ ಆರೋಗ್ಯ ಕಟ್ಟಿಕೊಂಡು ಏನಾಗಬೇಕು? 2010ರ ಡಿಸೆಂಬರ್‌ನಲ್ಲಿ ರಾಜ್ಯದ ಆರೋಗ್ಯ ಮತ್ತು ಪರಿಸರ ಇಲಾಖೆ ಹೊಗೆ ನಿರ್ವಹಣೆಯ ಯೋಜನೆ ಒಪ್ಪಿತು. ಹೊಗೆ ಎತ್ತ ಹೋಗುತ್ತದೆ ಎಂದು ಮೊದಲೇ ತಿಳಿಸುವ ವ್ಯವಸ್ಥೆ ಬಂತು. ಏಪ್ರಿಲ್‌ನಲ್ಲಿ ಫ್ಲಿಂಟ್ ಹಿಲ್ಸ್ ಕಡೆಯ ಜಿಲ್ಲೆಗಳಲ್ಲಿ ಕಸ, ಮರದ ರಾಶಿ ಇತ್ಯಾದಿ ಸುಡುವುದಕ್ಕೆ ತಡೆ ಬಂತು. ಬೇರೆ ತಿಂಗಳಲ್ಲಿ ಸುಟ್ಟರೆ ಹುಲ್ಲು ಹಾಳಾಗುತ್ತದೆ ಎಂಬ ಹಳೆ ನಂಬಿಕೆಯನ್ನೂ ಕೊಂಜಾದಲ್ಲಿ ಪರೀಕ್ಷಿಸಿದರು. ಚಳಿಗಾಲಕ್ಕೆ ಮುಂಚೆ, ಚಳಿಗಾಲದಲ್ಲಿ ಸುಟ್ಟ ತಾಕುಗಳಲ್ಲೂ ಹುಲ್ಲಿನ ಇಳುವರಿ ಹೇಳಿಕೊಳ್ಳುವಂತೆ ಇಳಿಯಲಿಲ್ಲ. ಆದರೂ ಹೆಚ್ಚಿನ ರೈತರು ಏಪ್ರಿಲ್ ಬಿಟ್ಟಿಲ್ಲ. ಅಪ್ಪ ಅಜ್ಜ ಸುಟ್ಟ ತಿಂಗಳು ಅದು.

ಬಿಳಿಗಿರಿರಂಗನ ಬೆಟ್ಟಕ್ಕೂ ಇದಕ್ಕೂ

ಕ್ಯಾನ್ಸಸ್ ಅಂತರವನ್ನು ಎತ್ತಿ ತಂದು ನಮ್ಮ ಬೆಟ್ಟಕ್ಕೆ ಹಚ್ಚಿದರೆ ಅನಾಹುತವೇ. ಬಿಳಿಗಿರಿರಂಗನ ಬೆಟ್ಟದ್ದು ಮರಗಳ ನಡುವೆ ಹುಲ್ಲಿರುವ ಕಾಡು, ಬರಿ ಹುಲ್ಲುಗಾವಲಲ್ಲ. ಆದರೆ ಪೊದೆ ಮತ್ತು ಬೆಂಕಿಯ ಲೆಕ್ಕ ಎರಡೂ ಕಡೆ ಒಂದೇ ತರಹ ಓಡುತ್ತದೆ. ಸೋಲಿಗರು ಜನವರಿ ಫೆಬ್ರವರಿಯಲ್ಲಿ, ನೆಲದಲ್ಲಿ ತೇವ ಇನ್ನೂ ಇರುವಾಗ, ತರಗು ಬೆಂಕಿ ಹಾಕುತ್ತಿದ್ದರು. ತರಗೆಲೆ, ಒಣಹುಲ್ಲು ಮಾತ್ರ ಸುಡುವ ತಗ್ಗು ಬೆಂಕಿ. ನೆಲ್ಲಿಮರಕ್ಕೆ ಹತ್ತುವ ಬಂದಳಿಕೆಯನ್ನೂ, ಹೊರಗಿನಿಂದ ಬಂದ ಲಂಟಾನ ಪೊದೆಯನ್ನೂ ಅದು ಹತೋಟಿಯಲ್ಲಿಡುತ್ತಿತ್ತು ಎನ್ನುತ್ತಾರೆ ಅವರು. 1974ರಲ್ಲಿ ಅಭಯಾರಣ್ಯವಾಯಿತು, ಬೆಂಕಿ ಅಪರಾಧವಾಯಿತು. 1997ರಲ್ಲಿ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯವರು ಗುರುತು ಮಾಡಿದ್ದ ಜಾಗಗಳನ್ನು 2008ರಲ್ಲಿ ಮತ್ತೆ ನೋಡಿದಾಗ ಲಂಟಾನ ಇರುವ ಜಾಗ ಹೆಚ್ಚು ಕಡಿಮೆ ದುಪ್ಪಟ್ಟಾಗಿತ್ತು.

ಹಾಗಾದರೆ ತರಗು ಬೆಂಕಿಗೆ ಈಗ ಅನುಮತಿ ಕೊಟ್ಟುಬಿಡೋಣವೇ? ಬೇಡ ಎಂದೇ ನನಗೆ ಅನ್ನಿಸುತ್ತದೆ, ಸದ್ಯಕ್ಕೆ ಲಂಟಾನ ತುಂಬಿದ ಕಡೆಯಂತೂ ಬೇಡ. ಇಲ್ಲಿ ಡಾಗ್‌ವುಡ್‌ಗೂ ಲಂಟಾನಕ್ಕೂ ಫರಕ್ಕು ಇದೆ. ಡಾಗ್‌ವುಡ್ ಬೆಂಕಿಯನ್ನು ನಿಲ್ಲಿಸುತ್ತದೆ. ಬೇಸಿಗೆಯಲ್ಲಿ ಒಣಗಿದ ಲಂಟಾನ ಬೆಂಕಿಯನ್ನು ಎತ್ತಿ ಮರದ ಕೊಂಬೆಗೆ ಮುಟ್ಟಿಸುತ್ತದೆ, ಆಮೇಲೆ ಬುಡದಿಂದ ಮತ್ತೆ ಚಿಗುರುತ್ತದೆ. ಸೋಲಿಗರ ಬೆಂಕಿಗೆ ಬೇಕಿದ್ದ ಕಾಡು ಈಗ ಅಲ್ಲಿಲ್ಲ. ಮೊದಲು ಲಂಟಾನವನ್ನು ಬೇರು ಸಮೇತ ಕಿತ್ತು, ಹುಲ್ಲು ಮರಳಿದ ಸಣ್ಣ ಜಾಗದಲ್ಲಿ, ಸೋಲಿಗರ ಕೈಯಲ್ಲೇ ಬೆಂಕಿ ಇಡಿಸಿ, ಅಂತರ ಎಷ್ಟಿರಬೇಕು ಎಂದು ಅಳೆಯುತ್ತ ಹೋಗಬೇಕು. ಕೀಳುವುದಕ್ಕೆ ಖರ್ಚು ಜಾಸ್ತಿ. ಪ್ರತಿ ವರ್ಷ ಬೆಂಕಿ ರೇಖೆಗೆ, ಬೆಂಕಿ ಕಾವಲಿಗೆ ನಾವು ಸುರಿಯುವ ಹಣದ ಪಕ್ಕದಲ್ಲಿಟ್ಟು ಆ ಖರ್ಚನ್ನು ನೋಡಬೇಕು.

ಹಳ್ಳದ ನೀರಿನ ವಿಷಯ ಬಾಕಿ ಇತ್ತು. ಕೊಂಜಾದಲ್ಲಿ ಮಳೆ ಕಡಿಮೆಯಾಗಿಲ್ಲ, ಆದರೆ ಪೊದೆ ಮರ ಏರಿದ ಹಾಗೆ ಹಳ್ಳದ ಹರಿವು ಇಳಿದಿದೆ. 2010ರಲ್ಲಿ ಒಂದು ತಾಕಿನ ಹಳ್ಳದ ದಡದಲ್ಲಿ ಬೆಳೆದಿದ್ದ ಮರಗಳನ್ನು ಕಡಿದರು. ಬೆಳೆದಂತೆಲ್ಲ ಮತ್ತೆ ಮತ್ತೆ ಕಡಿದರು. ಹತ್ತು ವರ್ಷವಾದರೂ ಹರಿವು ಹೆಚ್ಚಲಿಲ್ಲ. ದಡದ ಮೇಲಿನ ಇಳಿಜಾರುಗಳಲ್ಲಿ ಡಾಗ್‌ವುಡ್ ದ್ವೀಪಗಳು ಹಾಗೇ ಇದ್ದವು.